ಗಾಜುಗಪ್ಪೆಯೆಂಬ ಹೆಸರಿನ ವಿಚಾರ

ದಕ್ಷಿಣ ಅಮೆರಿಕದ ಪಶ್ಚಿಮ ಪಾರ್ಶ್ವದಲ್ಲಿ ಹಬ್ಬಿರುವ ಆಂಡಿಸ್ ಪರ್ವತಶ್ರೇಣಿಯ ಮಂಜು ಕವಿದ ಅರಣ್ಯಗಳಲ್ಲಿ, ತೊರೆಗಳ ಮೇಲೆ ಬಾಗಿದ ಎಲೆಗಳನ್ನಾಶ್ರಯಿಸಿ ಬಾಳುವ ಒಂದು ಮಂಡೂಕಕುಲವುಂಟು. ಗಾಜುಗಪ್ಪೆಗಳೆಂದು ಇವಕ್ಕೆ ಹೆಸರು. ಸ್ಪೇನ್ ದೇಶದ ಹಿಮೇನೆಸ್ ದೆ ಲಾ ಎಸ್ಪಾದನೆಂಬ ಪ್ರಾಣಿಶಾಸ್ತ್ರಜ್ಞನು ೧೮೭೨ರಲ್ಲಿ ಇವುಗಳೊಳಗೆ ಮೊದಲನೆಯದನ್ನು ವರ್ಣಿಸಿದನು. ಈಗ ೧೫೦ಕ್ಕೂ ಮೇಲ್ಪಟ್ಟ ಜಾತಿಗಳು ತಿಳಿದುಬಂದಿವೆ. ಮೆಕ್ಸಿಕೊ ದೇಶದವರೆಗೂ ಇವುಗಳ ವ್ಯಾಪ್ತಿಯಿರುವುದಾದರೂ, ಹೆಚ್ಚಿನವುಗಳ ನೆಲೆ ಆಂಡಿಸ್ ಪರ್ವತವೇ.

ಈ ಹೆಸರು ಅನ್ವರ್ಥವೇ ಎಂಬುದು ವಿಚಾರಾರ್ಹವಾದ ವಿಷಯ. ಕಪ್ಪೆಯ ಬೆನ್ನು ಎಲೆಯಂತೆ ಹಸುರು; ಹೊಟ್ಟೆಯ ತೊಗಲು ಮಾತ್ರ ಅತಿ ನಿರ್ಮಲ. ಅದರ ಮೂಲಕ ಒಳಗಿನ ಅಂಗಗಳು, ಕೆಲವು ಜಾತಿಗಳಲ್ಲಿ ಮಿಡಿಯುವ ಹೃದಯವೂ ಕೂಡ, ಹೊರಗೆ ತೋರುತ್ತವೆ. ಆದುದರಿಂದ ಗಾಜೆಂಬ ಮಾತು ಶರೀರದ ಏಕದೇಶಕ್ಕೆ ಮಾತ್ರ ಸಲ್ಲುತ್ತದೆಯೆಂದು ಹೇಳಬಹುದು.

ಇದಕ್ಕಿಂತ ಬಲವಾದ ಆಕ್ಷೇಪವೊಂದಿದೆ. ರಕ್ತವು ಕೆಂಪು, ಅದು ಬೆಳಕನ್ನು ಹೀರುವ ವಸ್ತು. ಮೈತುಂಬ ರಕ್ತ ಹರಿಯುವ ಪ್ರಾಣಿ ಗಾಜಿನಂತಾಗುವುದೆಂತು? ಮಧ್ಯ ಅಮೆರಿಕದಲ್ಲಿಯೂ ಕಾಣಸಿಗುವ ಒಂದು ಜಾತಿಯನ್ನು ಪರೀಕ್ಷಿಸಿದ ವಿಜ್ಞಾನಿಗಳು ೨೦೨೨ರಲ್ಲಿ ಇದಕ್ಕೆ ಸಮಾಧಾನವನ್ನು ಪ್ರಕಟಿಸಿದರು. ಹಗಲು ಎಲೆಯ ಮೇಲೆ ನಿದ್ರಿಸುವಾಗ ಈ ಕಪ್ಪೆಯು ತನ್ನ ಕೆಂಪು ರಕ್ತಕಣಗಳಲ್ಲಿ ನೂರಕ್ಕೆ ಸುಮಾರು ೮೯ ಪಾಲನ್ನು ಯಕೃತ್ತಿನಲ್ಲಿ ಅಡಗಿಸಿಕೊಳ್ಳುತ್ತದೆ. ಬೆಳಕನ್ನು ಹಿಂದಿರುಗಿಸುವ ಹರಳುಗಳ ಹೊದಿಕೆ ಯಕೃತ್ತಿಗಿರುವುದರಿಂದ ಒಳಗಿನ ಕೆಂಪು ಹೊರಗೆ ಕಾಣದು. ಆಗ ಶರೀರದ ಪಾರದರ್ಶಕತೆ ಎರಡು ಮೂರು ಪಟ್ಟು ಹೆಚ್ಚುತ್ತದೆ. ಎಚ್ಚತ್ತೊಡನೆ ರಕ್ತವು ಮರಳಿ ಹರಿಯುತ್ತದೆ. ಇಷ್ಟು ರಕ್ತಕಣಗಳು ಒಂದೆಡೆ ಒತ್ತಾಗಿ ಸೇರಿದರೂ ಹೆಪ್ಪುಗಟ್ಟದಿರುವುದು ವೈದ್ಯರಿಗೂ ಸೋಜಿಗವಾಗಿದೆ.

ದಾಸವಾಳದ ಸಾನ್ನಿಧ್ಯದಿಂದ ಸ್ಫಟಿಕವು ಕೆಂಪಾಗಿ ತೋರುವುದೆಂಬ ದೃಷ್ಟಾಂತ ವೇದಾಂತಿಗಳಿಗೆ ಪರಿಚಿತವಾದುದು. ಅಲ್ಲಿ ನೈರ್ಮಲ್ಯವು ಸ್ವಭಾವ, ಕೆಂಪು ಔಪಾಧಿಕ. ಇಲ್ಲಿಯಾದರೋ ಕೆಂಪೇ ಸ್ವಭಾವ; ನೈರ್ಮಲ್ಯವು ಪ್ರಾಣಿಯು ದಿನದಿನವೂ ಸಂಪಾದಿಸಿಕೊಳ್ಳುವ ಧರ್ಮ. ಹೀಗಾಗಿ ಗಾಜೆಂಬ ಹೆಸರು ನಿದ್ರಾವಸ್ಥೆಗೆ ಒಪ್ಪುವಷ್ಟು ಎಚ್ಚರಕ್ಕೆ ಒಪ್ಪದು.

ರೂಪವನ್ನೇ ನಂಬಿ ಜಾತಿನಿರ್ಣಯ ಮಾಡುವುದಕ್ಕೂ ಇಲ್ಲಿ ಎಡೆಯಿಲ್ಲ. ಈಕ್ವಡಾರ್ ದೇಶದ ಗ್ವಾಯ್ಯಾಬಾಂಬ ನದಿಯ ಕಣಿವೆಯ ಎರಡು ಪಾರ್ಶ್ವಗಳಲ್ಲಿರುವ, ಕಣ್ಣಿಗೆ ಬಹುಮಟ್ಟಿಗೆ ಒಂದೇ ಎಂದು ತೋರುವ ಗಾಜುಗಪ್ಪೆಗಳು ಬೇರೆ ಬೇರೆ ಜಾತಿಯವೆಂದು ಆನುವಂಶಿಕ ದ್ರವ್ಯದ ಪರೀಕ್ಷೆಯಿಂದ ೨೦೨೨ರಲ್ಲಿಯೇ ನಿರ್ಣಯವಾಯಿತು. ಒಂದು ಪಾರ್ಶ್ವದ ಕಾಡು ನಾಶವಾದರೆ ಇನ್ನೊಂದು ಪಾರ್ಶ್ವದ ಕಪ್ಪೆಯು ಅದರ ಸ್ಥಾನವನ್ನು ತುಂಬಲಾರದು. ಅದೇ ವರ್ಷ ಈ ಕುಲದ ಅಂತಾರಾಷ್ಟ್ರೀಯ ವ್ಯಾಪಾರಕ್ಕೆ ಒಪ್ಪಂದದ ಕಟ್ಟುಪಾಡು ವಿಧಿಸಲಾಯಿತು. ಆದರೆ ಆ ಕಟ್ಟುಪಾಡು ಪರ್ವತದಲ್ಲಿ ಗಣಿ ತೋಡುವುದನ್ನು ತಡೆಯುವುದಿಲ್ಲ.