128ರ ಬದಲು ಎಂಟೇ ತಟ್ಟೆ

ಪೆರೇಸಂದ್ರದಿಂದ ಶಿಡ್ಲಘಟ್ಟದವರೆಗೆ ಯಾವ ಊರಲ್ಲಾದರೂ ರೇಷ್ಮೆ ಬೆಳೆ ಕೈಕೊಟ್ಟರೆ ಕಾರಣಗಳಿಗೆ ಬರವಿಲ್ಲ. ಸೊಪ್ಪಿನ ತಳಿ ಸರಿಯಿಲ್ಲ, ಸೊಪ್ಪು ಬಲಿತಿತ್ತು, ಇನ್ನೊಂದು ಸಲ ಹಾಕಬೇಕಿತ್ತು, ಹುಳು ಒತ್ತೊತ್ತಾಗಿದ್ದವು, ಹಿಕ್ಕೆ ತೆಗೆದದ್ದು ತಡವಾಯಿತು, ಸುಣ್ಣ ಸಾಲಲಿಲ್ಲ, ಗೂಡು ಕಟ್ಟುವ ಚಂದ್ರಂಕಿಗೆ ಹುಳು ಜಾಸ್ತಿ ಬಿಟ್ಟರು. ಏಳು ಅನುಮಾನ. ಗೂಡಿನ ತೂಕ ಇಳಿಸಿದ್ದು ಇವುಗಳಲ್ಲಿ ಒಂದೋ ಎರಡೋ ಇದ್ದೀತು. ಯಾವುವು?

ಪ್ರತಿಯೊಂದಕ್ಕೂ ಎರಡೇ ಆಯ್ಕೆ ಎಂದುಕೊಂಡರೂ ಎಲ್ಲ ಜೋಡಣೆಗಳನ್ನು ನೋಡಲು 128 ತಟ್ಟೆ ಹುಳು ಬೇಕು. ಹಾಗಾಗಿ ಒಂದನ್ನಷ್ಟೇ ಬದಲಿಸಿ ಉಳಿದದ್ದನ್ನು ಇದ್ದಂತೆ ಬಿಡುತ್ತೇವೆ. ಶಾಲೆಯಲ್ಲಿ ಕಲಿಸುವುದೂ ಇದನ್ನೇ. ನನ್ನ ಮಟ್ಟಿಗೆ ಇದು ದುಂದು: ಒಂದು ಪ್ರಶ್ನೆಗೆ ಎರಡೇ ತಟ್ಟೆ ಉತ್ತರ ಹೇಳುತ್ತವೆ, ಮಿಕ್ಕವು ಸುಮ್ಮನಿರುತ್ತವೆ.

ಎಂಟು ತಟ್ಟೆಗಳಲ್ಲಿ ಏಳನ್ನೂ ಒಟ್ಟಿಗೇ ಬದಲಿಸಬಹುದು, ಲೆಕ್ಕ ಹಾಕಿ. ಎಳೆ ಸೊಪ್ಪು ನಾಲ್ಕು ತಟ್ಟೆಗೆ, ಬಲಿತದ್ದು ನಾಲ್ಕಕ್ಕೆ. ಎಳೆ ಸೊಪ್ಪಿನ ನಾಲ್ಕರಲ್ಲಿ ಎರಡಕ್ಕೆ ಸುಣ್ಣ ಹೆಚ್ಚು, ಎರಡಕ್ಕೆ ಕಡಿಮೆ. ಬಲಿತ ಸೊಪ್ಪಿನಲ್ಲೂ ಹಾಗೆಯೇ. ಏಳರಲ್ಲಿ ಯಾವ ಎರಡನ್ನು ಹಿಡಿದರೂ ಈ ಸಮತೋಲ ತಪ್ಪದು. ಆದ್ದರಿಂದ ನಾಲ್ಕರ ಸರಾಸರಿಯಿಂದ ನಾಲ್ಕರ ಸರಾಸರಿ ಕಳೆದರೆ ಸುಣ್ಣದ ಪ್ರಭಾವ ವಜಾ ಆಗಿ ಸೊಪ್ಪಿನದು ಉಳಿಯುತ್ತದೆ. ಎಂಟೂ ತಟ್ಟೆ ಏಳೂ ಪ್ರಶ್ನೆಗೆ ಉತ್ತರ ಹೇಳುತ್ತವೆ. ಯಾವ ತಟ್ಟೆ ಕಿಟಕಿ ಪಕ್ಕ ಎಂಬುದನ್ನು ಮಾತ್ರ ಚೀಟಿ ಎತ್ತಿ ತೀರ್ಮಾನಿಸಬೇಕು.

1946ರಲ್ಲಿ ಪ್ಲಾಕೆಟ್ ಮತ್ತು ಬರ್ಮನ್ ಎಂಬ ಸಂಖ್ಯಾಶಾಸ್ತ್ರಜ್ಞರು ಇದೇ ಬಗೆಯ ಸಮತೋಲದಲ್ಲಿ ಹನ್ನೊಂದು ಅಂಶಗಳಿಗೆ ಹನ್ನೆರಡೇ ಪ್ರಯೋಗ ಸಾಕೆಂದು ತೋರಿಸಿದರು. ಮರುವರ್ಷ ಇಂಥ ಜೋಡಣೆಯ ಕೋಷ್ಟಕಗಳಿಗೆ ವಿಶಾಲ ಗಣಿತ ಕಟ್ಟಿಕೊಟ್ಟವರು ಸಿ. ಆರ್. ರಾವ್. 1920ರಲ್ಲಿ ಅವರು ಹುಟ್ಟಿದ್ದು ನಮ್ಮ ಹೂವಿನ ಹಡಗಲಿಯಲ್ಲಿ.

ಎಂಟು ತಟ್ಟೆಯ ಈ ವಿಧಾನದಲ್ಲೊಂದು ತೊಡಕುಂಟು. ಹುಳು ಒತ್ತೊತ್ತಾಗಿದ್ದು ಹಿಕ್ಕೆಯನ್ನೂ ತಡವಾಗಿ ತೆಗೆದರೆ ಆಗುವ ಹಾನಿ, ಎರಡರ ಬಿಡಿ ಹಾನಿಗಳ ಮೊತ್ತಕ್ಕಿಂತ ಹೆಚ್ಚಿರಬಹುದು. ಎಂಟು ತಟ್ಟೆಗಳಲ್ಲಿ ಇಂಥ ಜಂಟಿ ಪ್ರಭಾವ ಮೂರನೆಯದೊಂದರ ತಲೆಗೆ ಬಂದು ಕೂರುತ್ತದೆ; ತಪ್ಪು ಮಾಡದ ಸುಣ್ಣವೂ ಸಿಕ್ಕಿಬೀಳಬಹುದು. ಪರಿಹಾರ ಸರಳ. ಇನ್ನೆಂಟು ತಟ್ಟೆ ಇಟ್ಟು, ಮೊದಲ ಸಲದ ಪ್ರತಿ ಆಯ್ಕೆಯನ್ನೂ ತಿರುಗಿಸಿ: ಹೆಚ್ಚಿದ್ದಲ್ಲಿ ಕಡಿಮೆ, ಕಡಿಮೆಯಿದ್ದಲ್ಲಿ ಹೆಚ್ಚು. ಹದಿನಾರನ್ನೂ ಸೇರಿಸಿ ಲೆಕ್ಕ ಹಾಕಿದಾಗ ಎರಡರ ಜಂಟಿ ಪ್ರಭಾವ ಬಿಡಿ ಪ್ರಭಾವಗಳಿಂದ ಕಳಚಿಕೊಳ್ಳುತ್ತದೆ.

ಇಷ್ಟಾದರೂ ತಿಳಿಯುವುದು ಯಾವುದು ಮುಖ್ಯ ಎಂಬುದಷ್ಟೇ. ಎಷ್ಟು ಸುಣ್ಣ, ಎಷ್ಟು ಜಾಗ ಎಂಬುದಲ್ಲ. ಅದಕ್ಕೆ ಬೇರೆ ಪ್ರಯೋಗ ಬೇಕು. ಆದರೆ ಆಗ ಉಳಿದಿರುವುದು ಎರಡೇ ಅಂಶವಾದರೆ, ಒಂದೊಂದನ್ನು ಮೂರು ಮಟ್ಟದಲ್ಲಿ ಪರೀಕ್ಷಿಸಿದರೂ ಎಲ್ಲ ಜೋಡಣೆಗಳಿಗೆ ಒಂಬತ್ತು ತಟ್ಟೆ ಸಾಕು.