ಟೇಬಲ್ ವಾಲಿದರೆ ಕತ್ತಿನ ನಾಳ ಉಬ್ಬುತ್ತದೆ

ರೋಗಿಗೆ ಅರಿವಳಿಕೆ ಕೊಟ್ಟಾಗಿದೆ. ಕತ್ತಿಗೆ ಸೂಜಿ ಹಾಕುವ ಮೊದಲು ವೈದ್ಯರು ಆಪರೇಷನ್ ಟೇಬಲ್ಲಿನ ರಿಮೋಟ್ ಒತ್ತುತ್ತಾರೆ. ತಲೆಯ ಕಡೆ ಮೆಲ್ಲಗೆ ಕೆಳಗಿಳಿದು ಕಾಲಿನ ಕಡೆ ಮೇಲೇಳುತ್ತದೆ. ಹೆಚ್ಚೇನಲ್ಲ, 10-15 ಡಿಗ್ರಿ. ಅಷ್ಟಕ್ಕೇ ಅಲ್ಟ್ರಾಸೌಂಡ್ ಪರದೆಯ ಮೇಲೆ ಚಪ್ಪಟೆಯಾಗಿದ್ದ ಕಪ್ಪು ಕಲೆಯೊಂದು ಉಬ್ಬಿ ದುಂಡಗಾಗುತ್ತದೆ. ಅದು ಇಂಟರ್ನಲ್ ಜುಗುಲರ್, ಮಿದುಳಿನಿಂದ ಎದೆಗೆ ರಕ್ತ ಇಳಿಸುವ ದೊಡ್ಡ ಅಭಿಧಮನಿ.

ಈ ನಾಳದ ಗೋಡೆ ತೆಳು, ಒಳಗಿನ ಒತ್ತಡವೂ ಕಡಿಮೆ. ಹಾಗಾಗಿ ಅದರ ಗಾತ್ರ ಹೊತ್ತಿಗೊಂದು ಬಗೆ. ಎದ್ದು ಕೂತರೆ ಬಹುಪಾಲು ಮುಚ್ಚಿಕೊಳ್ಳುತ್ತದೆ, ಮಲಗಿದರೆ ತುಂಬಿಕೊಳ್ಳುತ್ತದೆ, ತಲೆ ತಗ್ಗಿಸಿದರೆ ಇನ್ನಷ್ಟು ಹಿಗ್ಗುತ್ತದೆ. ಪಕ್ಕದಲ್ಲೇ ಮಿಡಿಯುವ ಕ್ಯಾರೊಟಿಡ್ ಅಪಧಮನಿಗೆ ಇದಾವುದರ ಗೊಡವೆಯಿಲ್ಲ. ಅದರ ಗೋಡೆ ದಪ್ಪ, ಒತ್ತಡ ಹೆಚ್ಚು.

ಗಾತ್ರದ ಬಗ್ಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳುವುದು ಸೆಂಟ್ರಲ್ ಲೈನ್‌ಗಾಗಿ, ಅಂದರೆ ಈ ನಾಳದೊಳಗೆ ಇಳಿಸುವ ಕೊಳವೆಗಾಗಿ. ರಕ್ತದೊತ್ತಡ ಏರಿಸುವ ತೀಕ್ಷ್ಣ ಔಷಧಿಗಳನ್ನು ಕೈಯ ಸಣ್ಣ ನಾಳದಲ್ಲಿ ಬಹಳ ಹೊತ್ತು ಬಿಡುವುದು ಅಪಾಯ, ಹೃದಯದ ಹತ್ತಿರದ ದೊಡ್ಡ ನಾಳವೇ ಬೇಕು. ಮೊದಲು ಸೂಜಿ, ಅದರೊಳಗಿಂದ ತಂತಿ, ತಂತಿಯ ಗುಂಟ ಕೊಳವೆ: ಸ್ವೀಡನ್ನಿನ ಸೆಲ್ಡಿಂಗರ್ 1953ರಲ್ಲಿ ಪ್ರಕಟಿಸಿದ ವಿಧಾನ ಇಂದಿಗೂ ಇದೇ. ನಾಳ ಸಣ್ಣಗಿದ್ದರೆ ಸೂಜಿ ಹಿಂಬದಿಯ ಗೋಡೆಯನ್ನೂ ತೂರೀತು, ಕ್ಯಾರೊಟಿಡ್‌ಗೂ ಚುಚ್ಚೀತು.

ಈ ತಲೆತಗ್ಗಿನ ಭಂಗಿಗೆ ಜರ್ಮನಿಯ ಶಸ್ತ್ರವೈದ್ಯ ಫ್ರೀಡ್ರಿಶ್ ಟ್ರೆಂಡೆಲೆನ್‌ಬರ್ಗ್ ಹೆಸರಿದೆ. 19ನೇ ಶತಮಾನದಲ್ಲಿ ಆತ ಇದನ್ನು ಬಳಸಿದ್ದು ಕಿಬ್ಬೊಟ್ಟೆಯ ಶಸ್ತ್ರಚಿಕಿತ್ಸೆಗೆ, ಕರುಳು ಎದೆಯ ಕಡೆ ಸರಿದು ಜಾಗ ಬಿಡಲಿ ಎಂದು. ಕತ್ತಿನ ನಾಳಕ್ಕೆ ಆದ ಲಾಭ ಆಮೇಲಿನದು.

ಅರಿವಳಿಕೆಯದೂ ಒಂದು ಕೈವಾಡವಿದೆ. ಔಷಧಿಯಿಂದ ಮೈಯ ರಕ್ತನಾಳಗಳು ಸಡಿಲಗೊಂಡು ಹೃದಯಕ್ಕೆ ಮರಳುವ ರಕ್ತ ತಗ್ಗಬಹುದು, ಕತ್ತಿನ ನಾಳವೂ ಸಣ್ಣಗಾಗಬಹುದು. ವೆಂಟಿಲೇಟರ್ ಮಾತ್ರ ಇದಕ್ಕೆ ಎದುರಾಗಿ ಕೆಲಸ ಮಾಡುತ್ತದೆ. ನಾವಾಗಿ ಉಸಿರೆಳೆದಾಗ ಎದೆಯೊಳಗಿನ ಒತ್ತಡ ಇಳಿದು ಕತ್ತಿನ ನಾಳ ಕುಗ್ಗುತ್ತದೆ. ಯಂತ್ರ ಗಾಳಿ ತುಂಬಿದಾಗ ಒತ್ತಡ ಏರಿ ನಾಳ ಹಿಗ್ಗುತ್ತದೆ. ನಾದಸ್ವರ ಊದುವವರ ಕತ್ತಿನ ನಾಳಗಳು ಎದ್ದು ಕಾಣುವುದಕ್ಕೂ ಎದೆಯ ಒತ್ತಡವೇ ಕಾರಣ.

ಹಾಗಂತ ಸಿಕ್ಕಾಪಟ್ಟೆ ವಾಲಿಸುವಂತಿಲ್ಲ. ತಲೆಗೆ ಪೆಟ್ಟಾಗಿ ಮಿದುಳಿನ ಒತ್ತಡ ಏರಿದವರಿಗೂ, ಮಲಗಿದರೆ ಉಸಿರು ಕಟ್ಟುವ ಹೃದ್ರೋಗಿಗಳಿಗೂ ಈ ಭಂಗಿ ಕಷ್ಟ. ಕತ್ತನ್ನು ತೀರಾ ಪಕ್ಕಕ್ಕೆ ಹೊರಳಿಸಿದರೆ ಅಭಿಧಮನಿ ಕ್ಯಾರೊಟಿಡ್ ಮೇಲೆ ಬಂದು ಕೂರುತ್ತದೆ. ಸ್ವಲ್ಪ ಹೊರಳಿಸುವುದೇ ಕ್ಷೇಮ. ಇಷ್ಟೆಲ್ಲ ಮಾಡಿ ಅಲ್ಟ್ರಾಸೌಂಡ್ ಪ್ರೋಬನ್ನು ಬಿಗಿಯಾಗಿ ಒತ್ತಿದರೆ ಉಬ್ಬಿದ ನಾಳ ಪರದೆಯಿಂದಲೇ ಮಾಯ!

ರಕ್ತವನ್ನು ಕೆಳಗೆಳೆಯುವ ಗುರುತ್ವದ ಪರಿಣಾಮವೇ ಕಾಣದಿದ್ದರೆ? ಬಾಹ್ಯಾಕಾಶ ನಿಲ್ದಾಣದ 11 ಗಗನಯಾತ್ರಿಗಳ ಮೇಲಿನ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಆರು ಮಂದಿಯ ಜುಗುಲರ್‌ನಲ್ಲಿ ರಕ್ತ ನಿಂತಿತ್ತು ಅಥವಾ ಹಿಂದಕ್ಕೆ ಹರಿಯುತ್ತಿತ್ತು. ಒಬ್ಬರಲ್ಲಿ ಹೆಪ್ಪುಗಟ್ಟಿದ್ದೂ ಕಂಡಿತು.

ಕೊಳವೆ ತೆಗೆಯುವ ದಿನವೂ ಭಂಗಿಯದೇ ಮಾತು. ಕೂತಾಗ ಕತ್ತಿನ ನಾಳದ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆಯಾಗಬಹುದು, ಕೊಳವೆ ಇದ್ದ ರಂಧ್ರ ಗಾಳಿಯನ್ನು ಒಳಗೆಳೆದುಕೊಂಡರೆ ಅದು ಹೃದಯ ಸೇರಿ ಪ್ರಾಣಕ್ಕೇ ಕುತ್ತು ತರಬಹುದು. ಅದಕ್ಕೇ ರೋಗಿಯನ್ನು ಮಲಗಿಸಿ, ಉಸಿರು ಬಿಡಲು ಹೇಳಿ, ಆ ಕ್ಷಣದಲ್ಲಿ ಕೊಳವೆ ಎಳೆದು, ಒತ್ತಿ ಹಿಡಿದು, ಗಾಳಿಯಾಡದ ಪಟ್ಟಿ ಹಾಕುತ್ತಾರೆ.