ನಿಮಗಿದು ಗೊತ್ತೆ? ಕಾಣುವ ಮೊದಲೇ ಕೇಳುವ ಭಯ

2018ರಲ್ಲಿ ಪೂರ್ಣರೂಪದಲ್ಲಿ ಬಂದ ‘ಸಬ್‌ನಾಟಿಕಾ’ ವಿಡಿಯೊ ಗೇಮ್ ಆಡುವವರು ಬೆಚ್ಚಿಬೀಳುವುದು ಕಣ್ಣಿನಿಂದಲ್ಲ, ಕಿವಿಯಿಂದ. ಮಬ್ಬು ನೀರಲ್ಲಿ ಏನೂ ಕಾಣದು, ದೂರದಿಂದ ಗರ್ಜನೆಯೊಂದೇ ಕೇಳುತ್ತದೆ. ಆಮೇಲೆ ‘ರೀಪರ್ ಲೆವಿಯಾಥನ್’ ಎಂಬ ದೈತ್ಯ ನಿಮ್ಮ ಪುಟ್ಟ ನೌಕೆಯನ್ನು ನಾಲ್ಕು ಕೊಂಡಿಗಳಲ್ಲಿ ಹಿಡಿದು, ಗಾಜಿನೆದುರೇ ಬಾಯಿ ತೆರೆಯುತ್ತದೆ. ಎದೆ ಝಲ್ಲೆನ್ನುವ ಕ್ಷಣ ಅದು. ಇನ್ನೊಂದು ದಿಗಿಲು ಆಳದ್ದು. ‘ಸೀಮಾತ್’ ನೌಕೆ ಹೆಚ್ಚುವರಿ ಕವಚವಿಲ್ಲದೆ 200 ಮೀಟರ್ ದಾಟಿದರೆ ನೀರಿನ ಒತ್ತಡಕ್ಕೆ ನಜ್ಜುಗುಜ್ಜಾಗತೊಡಗುತ್ತದೆ.

ಈ ಒತ್ತಡ ಕಟ್ಟುಕಥೆಯಲ್ಲ. ಸಮುದ್ರದಲ್ಲಿ ಪ್ರತಿ 10 ಮೀಟರ್ ಇಳಿದಂತೆ ಒತ್ತಡ ಸುಮಾರು ಒಂದು ವಾಯುಭಾರದಷ್ಟು ಏರುತ್ತದೆ. ಚೆನ್ನೈನ ಪಳ್ಳಿಕರಣೈಯಲ್ಲಿರುವ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯು ಮೂವರನ್ನು 6,000 ಮೀಟರ್ ಆಳಕ್ಕೊಯ್ಯಲು ‘ಮತ್ಸ್ಯ 6000’ ಎಂಬ ಜಲಾಂತರ್ಗಾಮಿ ನೌಕೆಯನ್ನು ರೂಪಿಸಿದೆ. ಅವರು ಕೂರುವ ಟೈಟಾನಿಯಂ ಗೋಳದ ವ್ಯಾಸ 2.1 ಮೀಟರ್ ಅಷ್ಟೇ! ನಮ್ಮವರ ಈ ಧೈರ್ಯ ನಿಜಕ್ಕೂ ದೊಡ್ಡದು.

ಆದರೆ ಕಡಲಿನ ಅಪಾಯಕ್ಕೆ ಅಷ್ಟು ಆಳವೇ ಬೇಕಿಲ್ಲ. ಅದೇ ಚೆನ್ನೈನ ಬೆಸೆಂಟ್ ನಗರದಲ್ಲಿ, ಎಲಿಯಟ್ಸ್ ಬೀಚ್‌ನ ಮರಳ ಮೇಲೆ ಬಿಳಿ ಕಮಾನಿನ ಸ್ಮಾರಕವೊಂದಿದೆ. ಬೇರೆಯವರ ಜೀವ ಉಳಿಸಲು ಹೋಗಿ 1930ರಲ್ಲಿ ಮುಳುಗಿದ ಡೆನ್ಮಾರ್ಕ್‌ನ ನಾವಿಕ ಷ್ಮಿಟ್ ನೆನಪಿನದು. ಅಲ್ಲಿಗೆ ಹೋದಾಗ ದಯವಿಟ್ಟು ನೀರಿಗಿಳಿಯಬೇಡಿ, ಮಕ್ಕಳ ಕೈ ಬಿಡಬೇಡಿ.